ನಾನು ಮುಟ್ಟಿಸಿದ ಲಕೋಟೆ

ಸೋಲೇ ಗೆಲುವಿನ ಮೆಟ್ಟಿಲು ಎಂದು ಯಾರಾದರೂ ಹೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ನನ್ನಷ್ಟು ಮೆಟ್ಟಿಲು ಕಟ್ಟಿದವರು ಆಳಂದದಲ್ಲಿ ಇನ್ನೊಬ್ಬರಿಲ್ಲ. ಮಾಳಿಗೆ ಎಲ್ಲಿ ಎಂಬುದಷ್ಟೇ ಮರೆತುಹೋಗಿದೆ. ಈಚೆಗೆ ಡಾಕ್ಟರೊಬ್ಬರು ನನ್ನ ಮೊಮ್ಮಗಳಿಗೆ ಎಡಿಎಚ್‌ಡಿ ಇದೆ ಎಂದು ಲಕ್ಷಣಗಳನ್ನು ವಿವರಿಸಿದಾಗ ನನ್ನದೇ ಜಾತಕ ಓದಿಸಿಕೊಂಡಂತಾಯಿತು. ಗಮನ ನಿಲ್ಲುವುದಿಲ್ಲ, ಹಿಡಿದ ಕೆಲಸ ಮುಗಿಯುವುದಿಲ್ಲ, ಇಟ್ಟದ್ದು ಸಿಗುವುದಿಲ್ಲ. ನನ್ನ ಕಾಲದಲ್ಲಿ ಇದಕ್ಕೆಲ್ಲ ಸೇರಿ ಒಂದೇ ಹೆಸರಿತ್ತು: ಖಬರಗೇಡಿ. ಔಷಧವೂ ಒಂದೇ, ಬೈಗುಳ.

ಎಂಬತ್ತರ ದಶಕದ ಮಾತು. ನನ್ನ ಹೆಂಡತಿ ನೀಲಮ್ಮ ಶಿಕ್ಷಕಿಯ ತರಬೇತಿ ಮುಗಿಸಿ, ಮಕ್ಕಳನ್ನು ಸಾಕುತ್ತ ನೌಕರಿಗಾಗಿ ಕಾದಿದ್ದಳು. ವಯಸ್ಸಿನ ಮಿತಿ ಮೀರುವ ಮುನ್ನ ಅದೇ ಕೊನೆಯ ವರ್ಷ. ಅರ್ಜಿ ತುಂಬಿ, ಲಕೋಟೆ ಅಂಟಿಸಿ ನನ್ನ ಕೈಗಿಟ್ಟು, "ಇವತ್ತ ರಿಜಿಸ್ಟರ್ ಮಾಡ್ರಿ. ಮೂರ ದಿನದಾಗ ಮುಟ್ಟಬೇಕು" ಎಂದಳು. "ಅಷ್ಟೂ ಖಬರ ಇಲ್ಲೇನ ನನಗ?" ಎಂದು ಗದರಿಸಿಯೇ ಹೊರಟೆ.

ದಾರಿಯಲ್ಲಿ ಖಾಜಾಭಾಯಿಯ ರೇಡಿಯೋ ರಿಪೇರಿ ಅಂಗಡಿ. ಆತ ಒಂದು ರೇಡಿಯೋದ ಬೆನ್ನು ಬಿಚ್ಚಿಕೊಂಡು ಕೂತಿದ್ದ. ಬಿಚ್ಚಿಟ್ಟ ಯಾವ ವಸ್ತುವನ್ನೂ ದಾಟಿ ಹೋಗುವ ಶಕ್ತಿ ನನಗಿಲ್ಲ. "ಬರ್ರಿ ಸಾಹೇಬ್ರ, ಈ ತಂತಿ ಒಂಚೂರು ಹಿಡೀರಿ" ಎಂದ. ಕೈ ಖಾಲಿ ಮಾಡಿಕೊಳ್ಳಲು ಲಕೋಟೆಯನ್ನು ಪಕ್ಕದ ಖಾಲಿ ರೇಡಿಯೋ ಡಬ್ಬಿಯೊಳಗೆ ಇಟ್ಟೆ. ರೇಡಿಯೋ ಹಾಡಿದಾಗ ನಾನೇ ಅದನ್ನು ಕಂಡುಹಿಡಿದವನಂತೆ ಬೀಗುತ್ತ ಮನೆಗೆ ಬಂದೆ.

ವಾರದ ಮೇಲೆ ಖಾಜಾಭಾಯಿ ಬಾಗಿಲಲ್ಲಿ ನಿಂತು, "ಭಾಭೀ, ಇದು ನಿಮ್ಮದೇನ್ರಿ?" ಎಂದು ಲಕೋಟೆ ಚಾಚಿದ. ನೀಲಮ್ಮ ಅದನ್ನು ಒಡೆದು, ಸರ್ಟಿಫಿಕೇಟುಗಳನ್ನು ಟ್ರಂಕಿನ ತಳಕ್ಕಿಟ್ಟು, ರೊಟ್ಟಿ ಬಡಿಯಲು ಕೂತಳು. ಒಂದೊಂದು ಬಡಿತವೂ ನನ್ನ ಕೆನ್ನೆಗೇ ಬೀಳುತ್ತಿತ್ತು.

"ಬೈದುಬಿಡ" ಎಂದೆ.

"ಬೈದ್ರ ವಯಸ್ಸು ಹಿಂದಕ್ಕ ಬರ್ತದೇನ್ರಿ?" ಎಂದಳು.

ಪಾಠ ಕಲಿಯಲೇಬೇಕೆಂದು ನಿಶ್ಚಯಿಸಿದೆ. ಮಾಡಬೇಕಾದ್ದನ್ನೆಲ್ಲ ಚೀಟಿಯಲ್ಲಿ ಬರೆದೆ, ಚೀಟಿ ಕಳೆಯಿತು. ಬೆರಳಿಗೆ ದಾರ ಕಟ್ಟಿಕೊಂಡೆ. ಅದು ಯಾಕೆಂದು ಆಫೀಸಿನವರೆಲ್ಲ ಕೇಳಿದರು, ನನಗೂ ಅದೇ ಪ್ರಶ್ನೆ. ಪ್ರತಿದಿನ ಬೆಳಿಗ್ಗೆ ನೀಲಮ್ಮನ ಜೊತೆ ಕಲಿತವರು ಶಾಲೆಯಲ್ಲಿ ಪಾಠ ಹೇಳಲು ಚೀಲ ಹಾಕಿಕೊಂಡು ಭೂಸನೂರಿನ ಬಸ್ಸಿಗೆ ಹೋಗುವುದನ್ನು ಅವಳು ಅಂಗಳ ಗುಡಿಸುತ್ತ ನೋಡುತ್ತಿದ್ದಳು. ಅಷ್ಟು ಹೊತ್ತು ಗುಡಿಸುವಂಥ ದೊಡ್ಡ ಅಂಗಳ ನಮ್ಮದಾಗಿರಲಿಲ್ಲ.

ಹತ್ತು ವರ್ಷಗಳ ಮೇಲೆ ಮಗಳು ಅದೇ ತರಬೇತಿಗೆ ಅರ್ಜಿ ಬರೆದಳು. ನಾನೇ ಹಾಕಿಬರುತ್ತೇನೆಂದು ಹಟ ಹಿಡಿದೆ. ನೀಲಮ್ಮ ಸ್ವಲ್ಪ ಹೊತ್ತು ನನ್ನನ್ನೇ ನೋಡಿ, ಒಳಗೆ ಹೋಗಿ, ಸ್ಟಾಂಪು ಹಚ್ಚಿದ ಲಕೋಟೆ ತಂದುಕೊಟ್ಟಳು. ಎರಡೂ ಕೈಯಲ್ಲಿ ಹಿಡಿದು ನಡೆದೆ. ಖಾಜಾಭಾಯಿ ಕರೆದರೂ ತಿರುಗಲಿಲ್ಲ. ವಿಳಾಸವನ್ನೂ ಓದಲಿಲ್ಲ, ಓದಿದರೆ ಮನಸ್ಸು ಆ ಊರಿಗೇ ಹೋಗಿಬಿಟ್ಟೀತು. ಅಂಚೆ ಡಬ್ಬಿಗೆ ಹಾಕಿ, ಒಳಗೆ ಬಿದ್ದ ಸದ್ದು ಕೇಳಿಸಿಕೊಂಡೇ ಮರಳಿ, ಗೆದ್ದವನಂತೆ ಸಿಹಿ ಶಿರಾ ಮಾಡಿಸಿಕೊಂಡು ತಿಂದೆ.

ಮುಂದಿನ ವಾರ ಜೇವರ್ಗಿಯಿಂದ ನೀಲಮ್ಮನ ತಮ್ಮ ಶಿವರಾಜ ಬಂದ. ಚಹಾ ಕುಡಿಯುತ್ತ, "ಮಾವಾ, ನನ್ನ ಹೆಸರಿಗೆ ಪಾಕೀಟಿನ್ಯಾಗ ಬರೇ ಹಳೇ ಪೇಪರ ಕಳಿಸೀರಲ್ಲ, ಏನ ಸುದ್ದಿ ಅದರಾಗ?" ಎಂದ.

ನಾನು ನೀಲಮ್ಮನ ಕಡೆ ನೋಡಿದೆ. "ಖರೇ ಅರ್ಜಿ ನಾನ ಹಿಂದಿನ ದಿನಾನ ರಿಜಿಸ್ಟರ್ ಮಾಡಿ ಬಂದಿದ್ದೆರಿ" ಎಂದಳು ತಲೆ ತಗ್ಗಿಸಿ. "ಮಗಳ ವರ್ಷ ಹೋಗಬಾರದಿತ್ತು. ನಿಮ್ಮ ಮನಸ್ಸಿಗೂ ಕೆಟ್ಟ ಅನಸಬಾರದಿತ್ತು."

ನನ್ನ ಸೋಲಿನಿಂದ ನಮ್ಮ ಮನೆಯಲ್ಲಿ ಒಬ್ಬರಾದರೂ ಪಾಠ ಕಲಿತಿದ್ದರು. ಶಿವರಾಜ ಇನ್ನೂ ಉತ್ತರಕ್ಕೆ ಕಾಯುತ್ತಿದ್ದ.

"ಸುದ್ದಿ ಏನಿಲ್ಲೋ," ಎಂದೆ. "ಮುಟ್ಟಿತಲ್ಲ, ಅಷ್ಟ ಸಾಕು."