ಅವಿರೋಧವಾಗಿ ಗೆಲ್ಲಬೇಕಾಗಿದ್ದ ನಾನು

ಖೈತಾನಿನ ನಮ್ಮ ಕನ್ನಡ ತರಗತಿಯ ಪಾಲಕರ ಪ್ರತಿನಿಧಿಯಾಗಲು ನನಗಿಂತ ಯೋಗ್ಯರು ಇಡೀ ಕುವೈತಿನಲ್ಲಿಲ್ಲ ಎಂಬ ಬಗ್ಗೆ ನನಗೆ ಕಿಂಚಿತ್ತೂ ಡೌಟ್ ಇರಲಿಲ್ಲ. ಉಳಿದವರಿಗೂ ಇರಲಿಲ್ಲ. ತೊಂದರೆ ಶುರುವಾದದ್ದೇ ಅಲ್ಲಿಂದ.

ರಾಯ್ ಏರಿಯಾದಲ್ಲಿ ಎಸಿ ರಿಪೇರಿ ವರ್ಕ್‌ಶಾಪ್ ಇಟ್ಟುಕೊಂಡಿರುವ ಶೆಟ್ಟರ ಖೈತಾನಿನ ಫ್ಲ್ಯಾಟಿನ ಹಾಲಿನಲ್ಲಿ ಪ್ರತಿ ಶುಕ್ರವಾರ ಮಕ್ಕಳಿಗೆ ಕನ್ನಡ ಕಲಿಸುತ್ತೇವೆ. ಕೊನೆಯ ಒಂದು ಗಂಟೆ ನಾನು ಕಥೆ ಹೇಳುವುದು. ಇಂಥ ತರಗತಿಗಳು ಬೇರೆ ಏರಿಯಾಗಳಲ್ಲೂ ಇವೆ. ಎಲ್ಲಕ್ಕೂ ಸೇರಿ ಒಂದು ಮಂಡಳಿ. ಪ್ರತಿ ತರಗತಿಯಿಂದ ಒಬ್ಬ ಪ್ರತಿನಿಧಿ. ಈ ವರ್ಷ ಮಂಡಳಿಯ ಮುಂದಿದ್ದ ಪ್ರಶ್ನೆ ಒಂದೇ. ಕಥೆಯ ಗಂಟೆ ತೆಗೆದು ಅಬಾಕಸ್ ಕಲಿಸಬೇಕೇ, ಬೇಡವೇ? ಆಯಾ ತರಗತಿಯ ಪ್ರತಿನಿಧಿ ಹೇಳಿದಂತೆ ಅಲ್ಲಲ್ಲಿನ ತೀರ್ಮಾನ.

ನನ್ನ ಮೊಮ್ಮಗಳು ಅನನ್ಯಾಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಆದರೆ ಕಥೆ ಹೇಳುತ್ತಾ ನಡುವೆ ನಾನು ನೀರು ಕುಡಿಯಲು ನಿಲ್ಲಿಸಿದರೆ, "ಆಮೇಲೆ?" ಎನ್ನುತ್ತಾಳೆ. ವಾರಕ್ಕೊಮ್ಮೆ ಅವಳ ಬಾಯಿಂದ ಬೀಳುವ ಕನ್ನಡ ಅದೊಂದೇ. ಅದನ್ನು ಅಬಾಕಸ್ಸಿಗೆ ಬಿಟ್ಟುಕೊಡಲು ನಾನು ತಯಾರಿರಲಿಲ್ಲ.

ಪಾಲಕರ ಸಭೆಯಲ್ಲಿ ಶೆಟ್ಟರು ಎದ್ದು ನಿಂತರು. "ಆಂಟಿಯೇ ಆಗ್ಲಿ. ಯಾರಿಗಾದ್ರೂ ಅಬ್ಜೆಕ್ಷನ್ ಉಂಟಾ? ಇಲ್ಲ. ಖಲಾಸ್."

ಎಲ್ಲರ ಕೈ ಸಮೋಸದ ಕಡೆಗೆ ಹೋಯಿತು. ನನ್ನ ಕೈಯೂ ಹೋಗಬೇಕಿತ್ತು. ಆದರೆ ನಾನು ಎದ್ದು ನಿಂತೆ.

ಅದಕ್ಕೆ ಕಾರಣ ಸಿಸ್ಟರ್ ಬ್ರಿಜಿಡ್. ನಮ್ಮ ಕಾನ್ವೆಂಟಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಐರ್ಲೆಂಡಿನ ಸಿಸ್ಟರ್. ವರಾಂಡದಲ್ಲಿ ಯಾರಾದರೂ ಕನ್ನಡ ಮಾತಾಡಿದರೆ, "ನಾನು ಕನ್ನಡ ಮಾತಾಡುವುದಿಲ್ಲ" ಎಂದು ಪುಟ ತುಂಬ ಇಂಗ್ಲಿಷಿನಲ್ಲಿ ಇಂಪೊಸಿಷನ್ ಬರೆಸುತ್ತಿದ್ದರು. ಸಂಜೆ ಗಿಡಗಳಿಗೆ ನೀರು ಹಾಕುವಾಗ ಮಾತ್ರ ಯಾವುದೋ ಬೇರೆ ಭಾಷೆಯಲ್ಲಿ ಹಾಡಿಕೊಳ್ಳುತ್ತಿದ್ದರು. ಕೇಳಿದ್ದಕ್ಕೆ, "ನಮ್ಮ ಅಜ್ಜಿಯ ಭಾಷೆ, ಚೈಲ್ಡ್. ನಮ್ಮೂರ ಸ್ಕೂಲಿನಲ್ಲಿ ಅದಕ್ಕೆ ಜಾಗ ಇರಲಿಲ್ಲ" ಎಂದಿದ್ದರು. ಆ ಸಣ್ಣ ದನಿ ಇನ್ನೂ ನನ್ನ ಕಿವಿಯಲ್ಲಿದೆ. ಸಭೆಯ ಹಿಂದಿನ ದಿನ ಫೋನಿನಲ್ಲಿ ಓದಿದ್ದೆ: ಅವರ ದೇಶದಲ್ಲಿ ಈಗ ಐರಿಶ್ ಭಾಷೆಯ ಶಾಲೆಗಳಿಗೆಂದೇ ಒಂದು ಮಂಡಳಿಯಂತೆ, ಅದಕ್ಕೆ ಪ್ರತಿನಿಧಿಗಳ ಚುನಾವಣೆಯಂತೆ, ಮತಪತ್ರವಂತೆ. ಸಿಸ್ಟರ್ ಇದ್ದಿದ್ದರೆ ಮೊದಲ ಓಟು ಹಾಕುತ್ತಿದ್ದರು ಎಂದುಕೊಂಡು ಕಣ್ಣು ಒದ್ದೆ ಮಾಡಿಕೊಂಡಿದ್ದೆ.

"ಹೀಗೆ ಸಮೋಸ ತಿನ್ನುತ್ತಾ ಆರಿಸುವುದು ಡೆಮಾಕ್ರಸಿಗೆ ಅವಮಾನ," ಎಂದೆ. "ಐರ್ಲೆಂಡಿನಲ್ಲಿ ಆದ ಹಾಗೆ ಪ್ರಾಪರ್ ಎಲೆಕ್ಷನ್ ಆಗಬೇಕು."

ಯಜಮಾನರು ನನ್ನ ಸೆರಗು ಎಳೆದರು. "ನಿನ್ನನ್ನು ಆರಿಸಿ ಆಯ್ತಲ್ಲ ಮಾರಾಯ್ತಿ, ಕೂತ್ಕೋ."

ಕೂರಲಿಲ್ಲ.

ಚುನಾವಣೆಗೆ ಎದುರಾಳಿ ಬೇಕು. ಯಾರೂ ಒಪ್ಪಲಿಲ್ಲ. ಕೊನೆಗೆ ನಾನೇ ಒಬ್ಬಳನ್ನು ಹುಡುಕಿದೆ: ಜುಬೇದಾ. ಇವಳ ಗಂಡನಿಗೆ ಹವಲ್ಲಿಯಲ್ಲಿ ಮೊಬೈಲ್ ಅಂಗಡಿ, ಮಗ ರಯ್ಯಾನ್ ನಮ್ಮ ತರಗತಿಯವನು.

"ನಂಗೆ ಎಂತಕ್ಕೆ ಆಂಟಿ ಇದೆಲ್ಲ? ಅದೂ ಅಲ್ಲದೆ ನಂಗೆ ಅಬಾಕಸ್ ಒಳ್ಳೇದು ಅಂತ ಉಂಟು."

"ವೆರಿ ಗುಡ್. ಭಿನ್ನಾಭಿಪ್ರಾಯ ಇದ್ದರೇ ಡೆಮಾಕ್ರಸಿ. ಸುಮ್ನೆ ನಿಲ್ಲು."

ನಿಂತಳು. ನಾನು ಪ್ರಚಾರಕ್ಕೆ ಹೊರಟೆ. ಮನೆಮನೆಯಲ್ಲಿ ಚಹಾ, ಗೋಳಿಬಜೆ. ಆದರೆ ಬಾಯಿ ತೆರೆದಾಗಲೆಲ್ಲ ಸಿಸ್ಟರ್ ಅಡ್ಡ ಬಂದರು. ಒಳ್ಳೆಯ ಮನೆತನದ ಹೆಂಗಸು ತನಗಾಗಿ ಏನನ್ನೂ ಕೇಳಬಾರದು, ತನ್ನನ್ನು ತಾನು ಹೊಗಳಿಕೊಳ್ಳಬಾರದು ಎಂದು ಕಲಿಸಿದವರು ಅವರೇ. ನನ್ನನ್ನು ಹೊಗಳಿಕೊಳ್ಳುವಂತಿಲ್ಲ, ಸುಮ್ಮನೆ ಕೂರಲೂ ಆಗುವುದಿಲ್ಲ. ಹಾಗಾಗಿ ಜುಬೇದಾಳನ್ನು ಹೊಗಳಿದೆ. ಎಷ್ಟು ಚುರುಕು, ಎಷ್ಟು ಸಂಭಾವಿತೆ, ಮಕ್ಕಳೆಂದರೆ ಎಷ್ಟು ಪ್ರಾಣ!

ಕಾರಿನಲ್ಲಿ ಯಜಮಾನರು ಕೇಳಿದರು. "ನಾವು ಯಾರ ಪ್ರಚಾರಕ್ಕೆ ಬಂದದ್ದು?"

"ಮ್ಯಾನರ್ಸ್ ಅಂತ ಒಂದುಂಟು, ರೀ."

"ಮ್ಯಾನರ್ಸಿಗೆ ಓಟಿಲ್ಲ."

ಶುಕ್ರವಾರ ಬಂತು. ಖರ್ಜೂರದ ಡಬ್ಬಿಯ ಮುಚ್ಚಳಕ್ಕೆ ಸೀಳು ಮಾಡಿ ಮತಪೆಟ್ಟಿಗೆ ಸಿದ್ಧಪಡಿಸಲಾಗಿತ್ತು. ನನ್ನ ಸರದಿ. ಚೀಟಿಯಲ್ಲಿ ಎರಡು ಹೆಸರು. ನನ್ನ ಹೆಸರಿನ ಮುಂದೆ ಪೆನ್ಸಿಲ್ ಇಟ್ಟೆ. ಸಿಸ್ಟರರ ಹುಬ್ಬು ಮೇಲೇರಿದ್ದು ಕಂಡ ಹಾಗಾಯಿತು. ಪೆನ್ಸಿಲ್ ತಾನಾಗಿ ಕೆಳಗಿನ ಹೆಸರಿಗೆ ಜಾರಿತು. ಒಂದು ಓಟಲ್ಲವೇ, ಹೋಗಲಿ.

ಶೆಟ್ಟರು ಎಣಿಸತೊಡಗಿದರು. "ಜುಬೇದಾ. ಜುಬೇದಾ. ಜುಬೇದಾ." ನಾನು ಮುಗುಳ್ನಗುತ್ತಾ ಕೂತಿದ್ದೆ. "ಜುಬೇದಾ. ಜುಬೇದಾ." ಮುಗುಳ್ನಗೆಯಿಂದ ಕೆನ್ನೆ ನೋಯತೊಡಗಿತು. ಕೊನೆಗೆ ಶೆಟ್ಟರು, ಪಾಪ, ನನ್ನ ಮುಖ ನೋಡಲಾರದೆ ಡಬ್ಬಿಯನ್ನು ಬೋರಲು ಹಾಕಿ ತಟ್ಟಿದರು. ಒಂದು ಖರ್ಜೂರದ ಬೀಜ ಬಿತ್ತು.

ನನ್ನ ಪಾಲಿಗೆ ಬಿದ್ದದ್ದು ಅದೊಂದೇ.

"ನೀವೂ?" ಎಂದು ಯಜಮಾನರನ್ನು ನೋಡಿದೆ.

"ನೀನು ಹೇಗೂ ಗೆಲ್ತಿ. ಆ ಹುಡುಗಿಗೆ ಒಂದಾದ್ರೂ ಬೀಳ್ಲಿ, ಬೇಜಾರಾಗುದು ಬೇಡ ಅಂತ..."

ಇಡೀ ಹಾಲ್ ತಲೆಯಾಡಿಸಿತು. ಎಲ್ಲರೂ ಹಾಗೆಯೇ ಅಂದುಕೊಂಡಿದ್ದರಂತೆ. ಜುಬೇದಾ ಬಂದು ನನ್ನ ಕೈ ಹಿಡಿದಳು. "ನೀವು ಅಷ್ಟು ಹೊಗಳಿದ್ದು ಕೇಳಿ ನಂಗೇ ನಂಬಿಕೆ ಬಂತು ಆಂಟಿ. ನಾನೂ ನಂಗೇ ಹಾಕಿದೆ."

ಅನನ್ಯಾ ಮಾತ್ರ ಲೆಕ್ಕದ ಮೂಲಕ್ಕೇ ಹೋದಳು. "ಬಟ್ ಅಜ್ಜಿ, ಈವನ್ ಯೂ ಡಿಡ್ ನಾಟ್ ವೋಟ್ ಫಾರ್ ಯೂ?"

ಆ ದಿನ ಕಥೆಯನ್ನು ಅರ್ಧಕ್ಕೇ ನಿಲ್ಲಿಸಿ ಮನೆಗೆ ಬಂದೆ. ರಾಜಕುಮಾರ ಬಾವಿಯಲ್ಲೇ ಉಳಿದ. ಇನ್ನು ಅಬಾಕಸ್ಸೇ ಗತಿ ಎಂದು ಎರಡು ದಿನ ಮಂಕಾಗಿ ಕೂತಿದ್ದಾಗ, ಮಂಡಳಿಯ ಸಭೆ ಮುಗಿಸಿ ಜುಬೇದಾ ಫೋನ್ ಮಾಡಿದಳು.

"ಆಂಟಿ, ಕಥೆ ಇರ್ಲಿ ಅಂತ ಹೇಳಿ ಬಂದೆ. ರಯ್ಯಾನ್ ಊಟಕ್ಕೂ ಬರುದಿಲ್ಲ, 'ಆಮೇಲೆ ಎಂತಾಯ್ತು, ಆಮೇಲೆ ಎಂತಾಯ್ತು' ಅಂತ ನನ್ನ ತಲೆ ತಿಂತಾನೆ. ಅದೂ ಕನ್ನಡದಲ್ಲಿ. ಆ ಬಾವಿಯಿಂದ ಒಮ್ಮೆ ರಾಜಕುಮಾರನನ್ನು ಮೇಲೆ ತನ್ನಿ. ಆದ್ರೆ ಒಂದು ರೂಲ್ ಮಾಡಿದ್ದೇವೆ. ಕಥೆಯಲ್ಲಿ ಇಂಗ್ಲಿಷ್ ಬಂದ್ರೆ ಇಂಪೊಸಿಷನ್."

"ಎಕ್ಸಲೆಂಟ್! ಮಕ್ಕಳಿಗೆ ಡಿಸಿಪ್ಲಿನ್ ಬರುತ್ತದೆ."

"ಮಕ್ಕಳಿಗಲ್ಲ ಆಂಟಿ. ಕಥೆ ಹೇಳುವವರಿಗೆ."

ಈಗ ಪ್ರತಿ ಶುಕ್ರವಾರ ಸಂಜೆ ಊಟದ ಮೇಜಿನ ಮುಂದೆ ಕೂತು ಬರೆಯುತ್ತೇನೆ: ಕಿಂಗ್ ಅಲ್ಲ, ರಾಜ. ಪ್ಯಾಲೆಸ್ ಅಲ್ಲ, ಅರಮನೆ. ಪುಟ ತುಂಬಿದ ಮೇಲೆ ಅನನ್ಯಾ ಕೆಂಪು ಪೆನ್ನು ಹಿಡಿದು ತಿದ್ದುತ್ತಾಳೆ. ನಾನು ಕೈ ನೋವೆಂದು ನಿಲ್ಲಿಸಿದರೆ, ಹುಬ್ಬೇರಿಸಿ ಕೇಳುತ್ತಾಳೆ.

"ಆಮೇಲೆ?"