ಎಂಟು ಮೂರು, ಕೊನೆಗೊಂದು ಒಂದು

ಅಂದು ಬೆಳಿಗ್ಗೆ ಬ್ರೆಡ್ ತರಲು ಹೋದ ಗೆಡೆಯೋನ್ ಬಾಯಿ ಮುಚ್ಚಿಕೊಂಡು ಬಂದಿದ್ದರೆ ಏನೂ ಆಗುತ್ತಿರಲಿಲ್ಲ. ಸೆಗೆಡ್ ಊರಿನಲ್ಲಿ ಮೂವತ್ತು ವರ್ಷ ಟ್ರಾಮ್ ಓಡಿಸಿ ನಿವೃತ್ತನಾದವನು. ಹಿಂದಿನ ದಿನವಷ್ಟೇ ದೊಡ್ಡದೊಂದು ಲೆಕ್ಕ ಮುಗಿಸಿದ್ದ, ಹಿಗ್ಗು ತಡೆಯಲಾಗಲಿಲ್ಲ.

“31 ಅವಿಭಾಜ್ಯ. 331, ಅದೂ ಅವಿಭಾಜ್ಯ. ಹೀಗೇ ಮುಂದೆ ಒಂದೊಂದು ಮೂರು ಸೇರಿಸ್ತಾ 33333331ರ ತನಕ ಬಂದಿದೀನಿ, ವೆಂಡೆಲ್. ಒಂದೂ ಭಾಗ ಆಗ್ಲಿಲ್ಲ. ಕೊನೇದಕ್ಕೇ ನಾಲ್ಕು ತಿಂಗಳು ಹಿಡೀತು.”

“ಅದರ ಮುಂದಿಂದು?” ಬೇಕರಿಯ ವೆಂಡೆಲ್ ಕೇಳಿದ.

“ಅದೂ ಅಷ್ಟೇ. ಇನ್ನೇನಾಗತ್ತೆ?”

ಆ ಮುಂದಿನದನ್ನು ಅವನಿನ್ನೂ ಮುಟ್ಟಿಯೇ ಇರಲಿಲ್ಲ.

ಹಿಂದೆ ನಿಂತಿದ್ದ ರೊಜಾಲಿಯಮ್ಮ ಅವನ ವಠಾರ ನೋಡಿಕೊಳ್ಳುವವಳು. ಸುದ್ದಿ ಬ್ರೇಕ್ ಕಳೆದುಕೊಂಡ ಟ್ರಾಮಿನಂತೆ ಹೊರಟಿತು. ಹತ್ತು ಗಂಟೆಗೆ, ಗೆಡೆಯೋನ್ ಯಾರೂ ಒಡೆಯಲಾರದ ಸಂಖ್ಯೆ ಹಿಡಿದಿದ್ದಾನೆಂದು ಬೀದಿಗೆಲ್ಲ ಗೊತ್ತಾಯಿತು. ಹನ್ನೊಂದಕ್ಕೆ ರೊಜಾಲಿಯಮ್ಮ ಕೆಂಪು ಬಣ್ಣದಲ್ಲಿ ವಠಾರದ ಗೇಟಿನ ಮೇಲೆ ಅವನಿನ್ನೂ ಮುಟ್ಟದ ಆ ಮುಂದಿನ ಸಂಖ್ಯೆಯನ್ನೇ ಬರೆದಳು: 333333331. ಮಧ್ಯಾಹ್ನ ವೆಂಡೆಲ್ ಅದೇ ಸಂಖ್ಯೆ ಹೊತ್ತ ವಾಲ್‌ನಟ್ ಕೇಕನ್ನು ಓವನ್ನಿಗೆ ತಳ್ಳಿದ.

“ಸಂಜೆ ಐದಕ್ಕೆ ಅಂಗಳದಲ್ಲಿ ನಿಮ್ಮ ಭಾಷಣ ಅಂತೆ ಕಣ್ರೀ,” ಎಂದಳು ಹೆಂಡತಿ ಎತೆಲ್ಕಾ. ನಾಲ್ಕು ತಿಂಗಳಿಂದ ಅವನನ್ನು ಬೈಯುತ್ತಿದ್ದವಳು ಈಗ ಮುತ್ತಿನ ಸರ ಹಾಕಿಕೊಂಡು ಅವನ ಕೋಟಿಗೆ ಇಸ್ತ್ರಿ ಹಾಕುತ್ತಿದ್ದಳು. ಮದುವೆಯಾದ ಮೇಲೆ ಅವಳು ಅವನನ್ನು ಅಷ್ಟು ಹೆಮ್ಮೆಯಿಂದ ನೋಡಿದ್ದು ಅದೇ ಮೊದಲು.

ಗೆಡೆಯೋನ್ ಪೆನ್ಸಿಲು ಕಾಗದ ಎತ್ತಿಕೊಂಡ. ಯಾವುದಕ್ಕೂ ಇರಲಿ ಎಂದು ಬಚ್ಚಲುಮನೆ ಸೇರಿ, ಚಿಲಕ ಹಾಕಿ ಭಾಗಿಸತೊಡಗಿದ. ಏಳಕ್ಕೆ ಶೇಷ ಉಳಿಯಿತು. ಹನ್ನೊಂದಕ್ಕೂ ಹದಿಮೂರಕ್ಕೂ ಉಳಿಯಿತು. ಹದಿನೇಳಕ್ಕೆ ಬಂದಾಗ ಕೆಳಗೆ ಸೊನ್ನೆ ಬಂದು ಕೂತಿತು. ಮೂರು ಸಲ ಮಾಡಿದ. ಮೂರು ಸಲವೂ ಸೊನ್ನೆ.

ಐದು ಗಂಟೆಗೆ ಸ್ಟೂಲ್ ಹತ್ತಿದ. “ಕ್ಷಮಿಸಿ. ಇದು ಭಾಗ ಆಗತ್ತೆ. ಹದಿನೇಳರಿಂದ.”

ಎತೆಲ್ಕಾ ಸರ ಬಿಚ್ಚಲು ಕೊಂಡಿಗೆ ಕೈ ಹಾಕಿದಳು.

“ಹದಿನೇಳಾ?” ರೊಜಾಲಿಯಮ್ಮ ಸುತ್ತಲಿನ ಬಾಗಿಲುಗಳ ಮೇಲೆ ಬೆರಳಾಡಿಸಿದಳು. “ವಠಾರದಲ್ಲಿ ಹದಿನೇಳೇ ಮನೆ ಇರೋದು. ತಲಾ ಎಷ್ಟು ಬರತ್ತೆ ಮಾಮ?”

“19607843.”

“ಯಾರಿಗೂ ಹೆಚ್ಚಿಲ್ಲ, ಕಡಿಮೆಯಿಲ್ಲ?”

“ಇಲ್ಲ.”

“ಜಗಳ ಇಲ್ಲದೆ ಈ ವಠಾರದಲ್ಲಿ ಏನನ್ನಾದ್ರೂ ಹಂಚಿದ್ದುಂಟಾ ಇಷ್ಟು ದಿನ?”

ಅಂಗಳಕ್ಕೆ ಅಂಗಳವೇ ಚಪ್ಪಾಳೆ ತಟ್ಟಿತು. ಯಾರೋ ಅವನನ್ನು ಸ್ಟೂಲ್ ಸಮೇತ ಎತ್ತಿದರು. ಎತೆಲ್ಕಾ ಎಲ್ಲರೆದುರೇ ಮುತ್ತು ಕೊಟ್ಟಳು. ಗೆಡೆಯೋನನ ಕಣ್ಣು ತುಂಬಿತು. ನಾಳೆಯಿಂದ ಲೆಕ್ಕ ಬಿಟ್ಟು ಮೀನು ಹಿಡಿಯಲು ಹೋಗುವುದೆಂದು ಅಲ್ಲೇ ನಿರ್ಧರಿಸಿದ.

“ಮಾಮ, ಒಂದು ವಿಷಯ,” ಎಂದ ವೆಂಡೆಲ್, ಕೇಕ್ ಕತ್ತರಿಸುತ್ತ. “ಮನೆಮನೆ ಪಾಲಿಗೆ ಬಂದ ಆ ಸಂಖ್ಯೆ ಭಾಗ ಆಗತ್ತಾ, ಆಗಲ್ವಾ?”

“ಅದು... ನಾಲ್ಕು ಸಾವಿರದ ನಾನೂರು ಚಿಲ್ಲರೆ ತನಕ ಭಾಗಿಸಿ ನೋಡ್ಬೇಕಪ್ಪ.”

“ನೋಡಿ ಮತ್ತೆ. ಭಾನುವಾರದೊಳಗೆ ಆದ್ರೆ ಸಾಕು.”

ರೊಜಾಲಿಯಮ್ಮ ಅಲ್ಲೇ ಮತಕ್ಕೆ ಹಾಕಿದಳು. ಈ ಸಲ ಅದು ಭಾಗವಾಗಕೂಡದೆಂದು ಹದಿನೇಳು ಮನೆಯವರೂ ಕೈಯೆತ್ತಿದರು. ಎಲ್ಲರಿಗಿಂತ ಎತ್ತರಕ್ಕೆ ಎದ್ದದ್ದು ಎತೆಲ್ಕಾಳ ಕೈ.