ಪಾದ್ರಿಯ ಚಿತ್ರ ಏಳನೆಯ ವಾರಕ್ಕೆ ಕಾಲಿಡದಿರಲಿ

ಜೋಗೇಶ್ವರಿ, ನವೆಂಬರ್ ೧೯೫೪

ನಮ್ಮ ವಠಾರದ ಏಕೈಕ ಟಾಕೀಸಿನ ಮಾಲೀಕರೂ, ಭಾನುವಾರದ ಪೂಜೆಗೆ ಇಗರ್ಜಿಯ ಮೊದಲ ಬೆಂಚಿನ ಶಾಶ್ವತ ಭೂಷಣರೂ ಆದ ಶ್ರೀಮಾನ್ ಸಾಲ್ವದೋರ್ ರೇಗೊ ಸಾಹೇಬರ ಸನ್ನಿಧಿಗೆ,

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ; ಟಿಕೆಟ್ ಕಿಟಕಿಯ ಮುಂದಿನ ಸಾಲು ನೋಡಿದರೆ ನಂಬದಿರಲು ಕಾರಣವಿಲ್ಲ. ಬಡ ಪಾದ್ರಿಯೊಬ್ಬರ ಇಡೀ ಬಾಳನ್ನು ತೋರಿಸುವ ಆ ಹಳೆಯ ಇಂಗ್ಲಿಷ್ ಚಿತ್ರವನ್ನು ತಾವು ಆರು ವಾರಗಳಿಂದ ಓಡಿಸುತ್ತಿದ್ದೀರಿ. ಎಂಥ ಮಹಾನುಭಾವರು ಆ ಪಾದ್ರಿ! ನಲವತ್ತು ವರ್ಷ ಮಳೆಯಲ್ಲಿ ನಡೆದರೂ ಒಮ್ಮೆ ಸೀನುವುದಿಲ್ಲ, ಬೇಯಿಸಿದ ಬಟಾಟೆಯೊಂದನ್ನೇ ತಿಂದರೂ ಉಪ್ಪು ಕೇಳುವುದಿಲ್ಲ, ಯಾರು ಎಷ್ಟು ಬೈದರೂ ಆಕಾಶ ನೋಡಿ ಮುಗುಳ್ನಗುತ್ತಾರೆ.

ನನ್ನ ದೂರು ಇಷ್ಟೇ. ಅವರನ್ನು ಆರು ಸಲ ನೋಡಿ ಬಂದ ನಾನು ಊಟ ಮರೆತು ಗೋಡೆ ನೋಡಿ ನಗುತ್ತಿದ್ದುದನ್ನು ಕಂಡ ಅಮ್ಮ, ಪಕ್ಕದ ಖೋಲಿಯ ಶೀಲಾವತಿಯಕ್ಕನಿಗೆ, “ನಮ್ಮ ಇನಾಸನಿಗೆ ದೇವರ ಕರೆ ಬಂದಿದೆ ಮಾರಾಯ್ತಿ! ಒಬ್ಬ ಮಗನನ್ನು ಇಗರ್ಜಿಗೆ ಕೊಡ್ತೇನೆ ಅಂತ ನನ್ನ ಹರಕೆ ಇತ್ತು” ಎಂದು ಕಣ್ಣೊರೆಸಿಕೊಂಡರು. ಉಡುಪಿಯ ಶೀಲಾವತಿಯಕ್ಕ, “ನಮ್ಮಲ್ಲಿ ಹುಡುಗರು ಹೀಗೆ ಗೋಡೆ ನೋಡಿ ನಗಾಡಿದ್ರೆ ಮದುವೆ ಮಾಡ್ತಾರೆ ಬಾಯಮ್ಮ” ಎಂದರೂ ಅಮ್ಮ ಕೇಳಲಿಲ್ಲ. ಈಗ ದರ್ಜಿ ನನ್ನ ನಿಲುವಂಗಿಗೆ ಅಳತೆ ತೆಗೆದಿದ್ದಾನೆ, ಬರುವ ಗುರುವಾರದ ಹಡಗಿನಲ್ಲಿ ಪಾದ್ರಿ ವಿದ್ಯೆ ಕಲಿಯಲು ಮಂಗಳೂರಿನ ಸೆಮಿನರಿಗೆ ನನ್ನ ರವಾನೆ ನಿಶ್ಚಯವಾಗಿದೆ, ಚಾಳಿನ ಮಕ್ಕಳಂತೂ ಈಗಲೇ ಬಂದು ಕೈಗೆ ಮುತ್ತಿಟ್ಟು ಹೋಗುತ್ತಿದ್ದಾರೆ.

ಅಮ್ಮ ಈ ಭಾನುವಾರದ ಮ್ಯಾಟಿನಿಗೆ ಮತ್ತೆ ಬರಲಿದ್ದಾರೆ. ಅಷ್ಟರೊಳಗೆ ತಾವು ಕೃಪೆಯಿಟ್ಟು ಕೊನೆಯ ರೀಲಿನಲ್ಲಿ ಆ ಪಾದ್ರಿಗಳಿಗೆ ಒಂದು ಮದುವೆ ಮಾಡಿಸಬೇಕು. ವಧುವಿನ ಆಯ್ಕೆ ತಮಗೇ ಬಿಟ್ಟದ್ದು, ಮುನ್ನಾದಿನ ಮದುಮಗನ ಮೈಗೆ ಹಚ್ಚುವ ತೆಂಗಿನಹಾಲನ್ನು ನಾನೇ ಹಿಂಡಿಕೊಡುತ್ತೇನೆ. ಅದು ಕಷ್ಟವಾದರೆ, ಅವರು ಒಂದೇ ಒಂದು ಸಲ ಚರ್ಚ್‌ಗೇಟ್ ಲೋಕಲ್ ರೈಲು ತಪ್ಪಿಸಿಕೊಂಡು ನಮ್ಮಂತೆ ಬಾಯ್ತುಂಬ ಬೈಯುವ ದೃಶ್ಯವನ್ನಾದರೂ ಸೇರಿಸಿ. ಅಮ್ಮನ ಭಕ್ತಿ ಒಂದೆರಡು ಡಿಗ್ರಿ ಇಳಿದೀತು. ಎರಡೂ ಆಗದಿದ್ದರೆ, ಕುದುರೆಯ ಮೇಲೆ ಕೂತು ಕತ್ತಿ ಬೀಸುವವನ ಯಾವುದಾದರೂ ಚಿತ್ರ ಹಾಕಿಬಿಡಿ. ಅದನ್ನು ನೋಡಿ ಯಾವ ತಾಯಿಯೂ ಮಗನಿಗೆ ಕುದುರೆ ಕೊಡಿಸಿದ್ದು ನಾನು ಕೇಳಿಲ್ಲ.

ಗುರುವಾರದವರೆಗಂತೂ ಸಂಸಾರದ ಆಸೆ ಬಿಡದ,
ತಮ್ಮ ವಿಶ್ವಾಸಿ,
ಇನಾಸ್

ತಾ.ಕ.: ನಾನು ಹಡಗು ಹತ್ತಿದರೆ ಮರುದಿನವೇ ತಾನೂ ಕಾನ್ವೆಂಟು ಸೇರಿ ಸನ್ಯಾಸಿನಿಯಾಗುವುದಾಗಿ ತಮ್ಮ ಮಗಳು ಸೆಲಿನ್ ಹೇಳಿದ್ದಾಳೆ. ಆ ಚಿತ್ರವನ್ನು ಅವಳೂ ಆರು ಸಲ ನೋಡಿದ್ದಾಳೆ, ಬಾಲ್ಕನಿಯಲ್ಲಿ, ನನ್ನ ಪಕ್ಕದ ಕುರ್ಚಿಯಲ್ಲಿ.